ಹುಡುಕಿದರೆ ಸಿಗದ ಗೋಪಾಲರು: ಪ್ರಾಜೆಕ್ಟ್, ಓಪನ್ ಸೋರ್ಸ್, ಭಾಷಣ ಎಲ್ಲಿಂದ ಶುರು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಸಿಎ. ಎರಡೂವರೆ ವರ್ಷದಿಂದ ಮಂಗಳೂರಿನ ಒಂದು ಸಣ್ಣ ಕಂಪೆನಿಯಲ್ಲಿ ವೆಬ್ ಡೆವಲಪರ್, ಹೆಚ್ಚಿನದೂ ವರ್ಡ್‌ಪ್ರೆಸ್ ಕೆಲಸ. ಕಳೆದ ತಿಂಗಳು ಒಂದು ಸಂದರ್ಶನದಲ್ಲಿ ಮೂರು ಪ್ರಶ್ನೆ ಕೇಳಿದರು. ಸ್ವಂತ ಪ್ರಾಜೆಕ್ಟ್ ಯಾವುದು, ಎಲ್ಲರಿಗೂ ಕೋಡ್ ತೆರೆದಿಟ್ಟ ಓಪನ್ ಸೋರ್ಸ್ ತಂತ್ರಾಂಶಗಳಿಗೆ ಏನು ಕೊಟ್ಟಿದ್ದೀರಿ, ಎಲ್ಲಿಯಾದರೂ ವೇದಿಕೆಯಲ್ಲಿ ಮಾತಾಡಿದ್ದೀರಾ. ಮೂರಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಕಂಪೆನಿಯ ಕೋಡ್ ತೋರಿಸುವ ಹಾಗಿಲ್ಲ. ಇಂಗ್ಲಿಷಿನಲ್ಲಿ ನಿಂತು ಮಾತಾಡುವುದೆಂದರೆ ಹೆದರಿಕೆ. ಬೆಂಗಳೂರಿಗೆ ಹೋಗದೆ ಆಗುವುದಿಲ್ಲ ಎಂದು ಗೆಳತಿಯರು, ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದು ಎಂದು ಮನೆಯವರು. ನಾನು ಎಲ್ಲಿಂದ ಶುರು ಮಾಡಲಿ? ಊರಿನ ಸೊಸೈಟಿಗೆ ಸದಸ್ಯರ ಪಟ್ಟಿಯ ಒಂದು ಪುಟ ಮಾಡಿಕೊಟ್ಟದ್ದು ಉಂಟು, ಆದರೆ ಅದು ಹೇಳಿಕೊಳ್ಳುವಂಥದ್ದಲ್ಲ. ಅದರಲ್ಲಿ "ಗೋಪಾಲ" ಎಂದು ಹುಡುಕಿದರೆ ಕೆಲವರು ಸಿಗುತ್ತಿದ್ದರು, ಕೆಲವರು ಸಿಗುತ್ತಿರಲಿಲ್ಲ. ಕೊನೆಗೆ ನಲುವತ್ತು ಹೆಸರು ಕೂತು ಮತ್ತೆ ಟೈಪ್ ಮಾಡಿದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಸಂದರ್ಶನದ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲು ಹೊರಟಿದ್ದೆ. ಎರಡನೆಯ ಸಲ ಕೊನೆಯ ಎರಡು ಸಾಲಿನಲ್ಲಿ ಕಣ್ಣು ನಿಂತಿತು. ಹೇಳಿಕೊಳ್ಳುವಂಥದ್ದಲ್ಲ ಎಂದು ನೀವು ಬದಿಗಿಟ್ಟ ಆ ಸೊಸೈಟಿಯ ಪುಟದಲ್ಲೇ ನಿಮ್ಮ ಪ್ರಾಜೆಕ್ಟ್ ಉಂಟು, ಓಪನ್ ಸೋರ್ಸ್ ಉಂಟು, ಭಾಷಣವೂ ಉಂಟು. ಹಾಗಾಗಿ ನಾನು ಗೋಪಾಲರಿಂದಲೇ ಶುರು ಮಾಡುತ್ತೇನೆ.

ಅವರು ಯಾಕೆ ಸಿಗಲಿಲ್ಲ? "ಗೋಪಾಲ" ಎಂಬುದು ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಅದು ಯುನಿಕೋಡ್ ಸಂಕೇತಗಳ ಒಂದು ಸಾಲು. ಯುನಿಕೋಡ್ ಎಂದರೆ ಲಿಪಿಗಳ ಒಂದೊಂದು ಗುರುತಿಗೂ ಒಂದು ಸಂಖ್ಯೆ ಕೊಟ್ಟ ಏರ್ಪಾಡು. ಫೋನಿನಲ್ಲಿ ಟೈಪ್ ಮಾಡಿದರೆ ಸಾಮಾನ್ಯವಾಗಿ ಐದು ಸಂಕೇತ ಬರುತ್ತದೆ: ಗ, ಓತ್ವ, ಪ, ಇಳಿ, ಲ. ಆದರೆ ಆ ಓತ್ವವನ್ನು ಒಡೆದು ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ಆಗ ಅದೇ ಹೆಸರು ಏಳು ಸಂಕೇತವಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಹೋಲಿಸಿ ನೋಡುವ ಪ್ರೋಗ್ರಾಮಿಗೆ ಮಾತ್ರ ಅವು ಬೇರೆ ಬೇರೆ. ಸೊಸೈಟಿಯ ಪಟ್ಟಿ ಯುನಿಕೋಡ್ ಬಳಸದ ಹಳೆಯ ನುಡಿ ಫಾಂಟಿನ ಕಡತದಿಂದ ಬಂದದ್ದಿರಬೇಕು ಎಂದು ನನ್ನ ಊಹೆ. ಆ ಕಾಲದ ಫಾಂಟುಗಳಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸುತ್ತಿದ್ದರು. ತುಂಡಿಗೆ ತುಂಡು ಬದಲಿಸುತ್ತ ಹೋಗುವ ಪರಿವರ್ತಕಗಳು ಅದನ್ನು ಹಾಗೆಯೇ ಯುನಿಕೋಡಿಗೆ ತಂದುಬಿಡುತ್ತವೆ. ಆಮೇಲೆ ಸೇರಿದ ಸದಸ್ಯರ ಹೆಸರನ್ನು ಯಾರೋ ಫೋನಿನಲ್ಲಿ ಟೈಪ್ ಮಾಡಿದ್ದಾರೆ. ಸಿಕ್ಕಿದ ಗೋಪಾಲರು ಅವರು.

ಕನ್ನಡದಲ್ಲಿ ಹೀಗೆ ಒಡೆಯಬಲ್ಲ ಸ್ವರಚಿಹ್ನೆಗಳು ಐದೇ ಐದು. ಕೀ, ಕೇ, ಕೈ, ಕೊ, ಕೋ ಇವುಗಳಲ್ಲಿ ಇರುವಂಥವು. ಒಡೆದದ್ದನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಕ್ರಮಕ್ಕೆ ಯುನಿಕೋಡಿನವರು ಎನ್‌ಎಫ್‌ಸಿ ಎಂದು ಹೆಸರಿಟ್ಟಿದ್ದಾರೆ. ಜಾವಾಸ್ಕ್ರಿಪ್ಟಿನಲ್ಲಿ ನಾರ್ಮಲೈಸ್ ಎಂಬ ಒಂದು ಕರೆ ಸಾಕು, ಪಿಎಚ್‌ಪಿಯಲ್ಲಿ ಇಂಟ್ಲ್ ಎಕ್ಸ್‌ಟೆನ್ಶನ್ನಿನ ನಾರ್ಮಲೈಸರ್ ಉಂಟು. ಹೆಸರನ್ನು ಉಳಿಸುವಾಗಲೂ ಹುಡುಕುವ ಪದಕ್ಕೂ, ಎರಡು ಕಡೆ ಹಾಕಬೇಕು. ಒಂದೇ ಕಡೆ ಹಾಕಿದರೆ ಕಷ್ಟ ಅಲ್ಲಿಂದ ಇಲ್ಲಿಗೆ ಬರುತ್ತದೆ, ಅಷ್ಟೆ. ನೀವು ಟೈಪ್ ಮಾಡಿದ ನಲುವತ್ತು ಹೆಸರಿನ ಕೆಲಸ ಇದು, ಒಂದು ಸಾಲಿನದ್ದು. ಆ ಶ್ರಮ ದಂಡ ಎಂದು ಬೇಸರ ಮಾಡಬೇಡಿ. ಆ ನಲುವತ್ತು ಹೆಸರು ಟೈಪ್ ಮಾಡಿದವರಿಗೆ ಈ ಸಮಸ್ಯೆ ಅರ್ಥವಾಗುವಷ್ಟು, ಬರೇ ಓದಿ ತಿಳಿದವರಿಗೆ ಅರ್ಥವಾಗುವುದಿಲ್ಲ.

ಇಲ್ಲಿಗೆ ಮುಗಿಯುವುದೂ ಇಲ್ಲ. "ಸಾಫ್ಟ್‌ವೇರ್" ಎಂದು ಬರೆಯುವಾಗ ಟಕಾರಕ್ಕೆ ವೇ ಒತ್ತಾಗಿ ಹೋಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹುಡುಕಾಟಕ್ಕೆ ಬಳಸುವ ಪ್ರತಿಯಿಂದ ಅದನ್ನು ತೆಗೆಯಬೇಕು, ತೋರಿಸುವ ಪ್ರತಿಯಲ್ಲಿ ಇಟ್ಟುಕೊಳ್ಳಬೇಕು. ಇನ್ನು ನಮ್ಮ ಊರಿನದೇ ತೊಡಕು. ನಿಮ್ಮ ಬದಿಯಡ್ಕದವರೇ ಆದ ಕವಿ ಕಯ್ಯಾರರ ಹೆಸರನ್ನು ಕೆಲವರು ಕಿಞ್ಞಣ್ಣ ರೈ ಎಂದು ಅಚ್ಚು ಹಾಕಿಸುತ್ತಾರೆ, ಕೆಲವರು ಕಿಂಞಣ್ಣ ರೈ ಎಂದು. ಈ ಎರಡು ಒಂದೇ ಎಂದು ಯಾವ ಯುನಿಕೋಡ್ ನಿಯಮವೂ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಕಾಸರಗೋಡಿನವರು ಮಾತ್ರ. ಗಡಿ ದಾಟಿ ಮಲಯಾಳಕ್ಕೆ ಹೋದರೆ ಅಲ್ಲಿ ಚಿಲ್ಲಕ್ಷರಗಳ, ಅಂದರೆ ಸ್ವರವಿಲ್ಲದ ಕೆಲವು ವ್ಯಂಜನಗಳಿಗೆ ಇರುವ ಬೇರೆ ರೂಪಗಳ ಕಥೆ. 2008ರಲ್ಲಿ ಯುನಿಕೋಡ್ 5.1 ಬಂದಾಗ ಅವುಗಳಿಗೆ ಸ್ವಂತ ಸಂಕೇತ ಸಿಕ್ಕಿತು. ಅದಕ್ಕೂ ಮೊದಲು ಬರೆದದ್ದೆಲ್ಲ ಇನ್ನೊಂದು ರೀತಿಯಲ್ಲಿ ಉಂಟು, ಅವೆರಡನ್ನೂ ಎನ್‌ಎಫ್‌ಸಿ ಒಂದು ಮಾಡುವುದಿಲ್ಲ. ರೇಷನ್ ಕಾರ್ಡಿನಲ್ಲಿ ಮಲಯಾಳ, ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡ, ಬ್ಯಾಂಕಿನಲ್ಲಿ ಇಂಗ್ಲಿಷ್ ಹೆಸರು ಇಟ್ಟುಕೊಂಡು ಬೆಳೆದ ನಿಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಡೆವಲಪರ್ ಒಬ್ಬನಿಗೆ ಇದು ತಲೆಗೆ ಹೋಗಬೇಕಾದರೆ ಒಂದು ದಿನ ಬೇಕು.

ದಿನಾ ವರ್ಡ್‌ಪ್ರೆಸ್ ಮಾಡುವವರು ನೀವು, ಆದ್ದರಿಂದ ಇದೊಂದನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಸ್ವಲ್ಪ ಉದ್ದದ ಕನ್ನಡ ಶೀರ್ಷಿಕೆ ಕೊಟ್ಟ ಲೇಖನದ ವೆಬ್ ವಿಳಾಸ ನಡುವಿನಲ್ಲಿ ತುಂಡಾಗುತ್ತದೆ. ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತ 3 ಬೈಟ್. ವಿಳಾಸಕ್ಕೆ ಹೋಗುವಾಗ ಒಂದೊಂದು ಬೈಟಿಗೂ ಶೇಕಡಾ ಗುರುತು, ಎರಡು ಅಂಕೆ ಸೇರಿ ಒಟ್ಟು 9 ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್ ಅದಕ್ಕೆ ಇಟ್ಟ ಜಾಗ 200. ಲೆಕ್ಕ ಹಾಕಿದರೆ 22 ಸಂಕೇತ, ಅಂದರೆ ಮೂರು ನಾಲ್ಕು ಪದಕ್ಕೆ ಸರಿ ಹೋಯಿತು. ಹಾಗೆಯೇ ಪಠ್ಯದಲ್ಲಿ ಬೇಕಾದ ಮಾದರಿಯನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ "ಅಕ್ಷರ ಮಾತ್ರ ಇಟ್ಟುಕೋ" ಎಂದು ಬರೆದರೆ ಗುಡಿಸು, ಕೊಂಬು, ಇಳಿ ಎಲ್ಲ ಉದುರಿ "ಗೋಪಾಲ" ಹೋಗಿ "ಗಪಲ" ಆಗುತ್ತದೆ, ಯಾಕೆಂದರೆ ಯುನಿಕೋಡಿನಲ್ಲಿ ಅವು ಅಕ್ಷರದ ವರ್ಗಕ್ಕೆ ಸೇರಿಲ್ಲ, ಚಿಹ್ನೆಯ ವರ್ಗಕ್ಕೆ ಸೇರಿವೆ. ಇಂಥ ದೋಷ ಇರುವ ಪ್ಲಗಿನ್ನುಗಳನ್ನು ನಾನು ಈ ಹದಿನೈದು ವರ್ಷದಲ್ಲಿ ಎಷ್ಟೋ ನೋಡಿದ್ದೇನೆ.

ಈಗ ಸಂದರ್ಶನದ ಮೊದಲ ಪ್ರಶ್ನೆ. ಪ್ರಾಜೆಕ್ಟ್ ಎಂದು ಹೆಚ್ಚಿನವರು ಮಾಡಬೇಕಾದ ಕೆಲಸಗಳ ಪಟ್ಟಿಯದ್ದೋ ಹವಾಮಾನದ್ದೋ ಒಂದು ಆ್ಯಪ್ ಮಾಡಿ ಇಡುತ್ತಾರೆ. ನಾನು ಸಂದರ್ಶನದ ಮೇಜಿನ ಆಚೆ ಬದಿಯಲ್ಲೂ ಕೂತವನು. ಅಂಥದ್ದನ್ನು ತೆರೆದು ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ, ಈಗಂತೂ ಎಐಗೆ ಹೇಳಿದರೆ ಹತ್ತು ನಿಮಿಷದಲ್ಲಿ ಬರೆದು ಕೊಡುತ್ತದೆ. ಆದರೆ "ಸೊಸೈಟಿಯ ಕ್ಲರ್ಕಿಗೆ ಗೋಪಾಲ ಭಟ್ಟರು ಸಿಗಲಿಲ್ಲ, ಕಾರಣ ಹುಡುಕಿದೆ, ಹೀಗೆ ಸರಿ ಮಾಡಿದೆ, ಈಗ ಅವರು ದಿನಾ ಬಳಸುತ್ತಿದ್ದಾರೆ" ಎಂದು ಹೇಳಿದರೆ ನಾನು ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳುತ್ತೇನೆ. ನಿಜವಾದ ಬಳಕೆದಾರ, ನಿಜವಾದ ತೊಂದರೆ, ಅದಕ್ಕೆ ಬುಡದಲ್ಲಿ ಕಾರಣ. ಅದನ್ನು ಒಂದು ಪುಟ ಬರೆದಿಡಿ. ಏನು ತೊಂದರೆ ಇತ್ತು, ಮೊದಲು ಏನೆಲ್ಲ ತಪ್ಪು ಊಹೆ ಮಾಡಿದ್ದಿರಿ, ಯಾವ ಪ್ರಯೋಗದಿಂದ ಕಾರಣ ತಿಳಿಯಿತು, ಏನು ಇನ್ನೂ ಉಳಿದಿದೆ. ತಪ್ಪು ಊಹೆಗಳನ್ನು ಅಳಿಸಬೇಡಿ. ನೀವು ಹೇಗೆ ಯೋಚಿಸುತ್ತೀರಿ ಎಂಬುದು ಓದುವವರಿಗೆ ಕಾಣುವುದು ಅಲ್ಲಿ.

ಕೋಡನ್ನು ಹೊರಗೆ ಹಾಕುವ ಮೊದಲು ಎರಡು ಕೆಲಸ ಮಾಡಿ. ಸದಸ್ಯರ ಹೆಸರು, ಫೋನ್, ವಾರ್ಡು ನಿಮ್ಮದಲ್ಲ, ಅವರದು. ಒಂದನ್ನೂ ಬಿಡದೆ ತೆಗೆದು ಕಲ್ಪಿತ ಹೆಸರು ಹಾಕಿ, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ಟಿನ ಹಳೆಯ ಕಮಿಟ್ಟುಗಳಲ್ಲೂ ಅವು ಉಳಿದಿರಬಾರದು. ಹೊಸ ರೆಪಾಸಿಟರಿಯಲ್ಲಿ ಶುರು ಮಾಡುವುದೇ ಸುಲಭ. ಎರಡನೆಯದು ಕಂಪೆನಿಯ ಒಪ್ಪಂದಪತ್ರ. ನನ್ನ ಮೊದಲ ಕೆಲಸದಲ್ಲಿ ರಾತ್ರಿ ಮನೆಯಲ್ಲಿ ಕೂತು ಒಂದು ಸಣ್ಣ ಉಪಕರಣ ಬರೆದು ಎಲ್ಲರಿಗೂ ತೆರೆದಿಟ್ಟಿದ್ದೆ. ಕೆಲವರು ಬಳಸತೊಡಗಿದ ಮೇಲೆ ಕಂಪೆನಿಯವರು ಕರೆದು ಒಪ್ಪಂದದ ಒಂದು ಪರಿಚ್ಛೇದ ತೋರಿಸಿದರು. ನೌಕರಿಯಲ್ಲಿರುವಷ್ಟು ಕಾಲ ನಾನು ಬರೆದದ್ದೆಲ್ಲ ಅವರದ್ದು ಎಂದು ಅದರಲ್ಲಿತ್ತು, ನಾನು ಓದದೆ ಸಹಿ ಹಾಕಿದ್ದೆ. ಕೆಳಗಿಳಿಸಬೇಕಾಯಿತು. ಬಳಸುತ್ತಿದ್ದವರಿಗೆ ಕ್ಷಮೆ ಕೇಳಿ ಬರೆದ ಆ ಕಾಗದ ಈಗಲೂ ನೆನಪಿದೆ. ನೀವು ಅದನ್ನು ಓದಿ, ಸಂಶಯ ಇದ್ದರೆ ಬರೆದು ಕೇಳಿ, ಬರಹದಲ್ಲೇ ಉತ್ತರ ಪಡೆದುಕೊಳ್ಳಿ. ಸೊಸೈಟಿಯವರಿಂದಲೂ ಒಂದು ಸಾಲಿನ ಒಪ್ಪಿಗೆ ಇರಲಿ. ಕಂಪೆನಿಯ ಕೋಡನ್ನು ತೋರಿಸಲಾಗದಿದ್ದರೂ ಮಾಡಿದ ಕೆಲಸವನ್ನು ಗ್ರಾಹಕರ ಹೆಸರಿಲ್ಲದೆ ಮಾತಿನಲ್ಲಿ ಹೇಳಲು ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನ ಒಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟ ಅಳತೆ. ನಿಮ್ಮ ಕೈಯಲ್ಲಿ ಒಂದು ಪುಟ ಎಷ್ಟರಿಂದ ಎಷ್ಟಕ್ಕೆ ಇಳಿಯಿತು ಎಂದು ಬರೆದಿಟ್ಟುಕೊಂಡರೆ ಅದೂ ಸಾಕ್ಷಿಯೇ.

ಓಪನ್ ಸೋರ್ಸಿಗೆ ಬರೋಣ. ನಿಮ್ಮ ಸೊಸೈಟಿ ಪುಟದ ಹುಡುಕಾಟಕ್ಕೆ ಬೇರೆಯವರು ಬರೆದಿಟ್ಟ ಯಾವುದೋ ಕೋಡ್ ಲೈಬ್ರರಿ ಬಳಸಿರುತ್ತೀರಿ. ಅದೇ ದೋಷ ಅದರೊಳಗೆ ಉಂಟೋ ಎಂದು ನೋಡಿ. ಇದ್ದರೆ ನೇರ ಕೋಡ್ ಬದಲಿಸಿ ಕಳಿಸಬೇಡಿ, ಮೊದಲು ಇಶ್ಯೂ, ಅಂದರೆ ದೋಷದ ವರದಿ, ಬರೆಯಿರಿ. ಯಾವ ಆವೃತ್ತಿ, ಏನು ಕೊಟ್ಟರೆ ಏನು ಬರುತ್ತದೆ, ಏನು ಬರಬೇಕಿತ್ತು. ಹತ್ತು ಸಾಲಿನಲ್ಲಿ ಯಾರು ಬೇಕಾದರೂ ಓಡಿಸಿ ನೋಡುವಂಥ ಉದಾಹರಣೆ ಕೊಡಿ. ಜರ್ಮನಿಯಲ್ಲೋ ಬ್ರೆಜಿಲಿನಲ್ಲೋ ಕೂತು ಅದನ್ನು ನೋಡಿಕೊಳ್ಳುವವರಿಗೆ ಕನ್ನಡ ಓದಲು ಬರುವುದಿಲ್ಲ. "ಗೋಪಾಲ" ಮತ್ತು "ಗೋಪಾಲ" ಬೇರೆ ಎಂದರೆ ಅವರಿಗೆ ಏನು ಕಂಡೀತು? ಒಂದೊಂದು ಸಂಕೇತದ ಸಂಖ್ಯೆ ಬರೆದು, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಆಮೇಲೆ ಕೋಡ್ ಸರಿ ಇದೆಯೇ ಎಂದು ತಾನೇ ಪರೀಕ್ಷಿಸುವ ಒಂದು ಟೆಸ್ಟ್ ಬರೆದು ಕಳಿಸಿ. ಕನ್ನಡದ ಟೆಸ್ಟ್ ಒಂದು ಒಳಗೆ ಸೇರಿತೆಂದರೆ, ಮುಂದೆ ಯಾರು ಕೋಡ್ ಬದಲಿಸಿದರೂ ಅದು ಕನ್ನಡವನ್ನು ಮುರಿದರೆ ಅಲ್ಲೇ ತಡೆ ಬೀಳುತ್ತದೆ. ನನ್ನ ಮಟ್ಟಿಗೆ ಅದು ಕೋಡಿಗಿಂತ ಹೆಚ್ಚಿನ ಕೊಡುಗೆ.

ಕಳಿಸಿದ ಮೇಲೆ ಕಾಯಬೇಕು. ನನ್ನ ಮೊದಲ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ನಾಲ್ಕು ತಿಂಗಳು ಹಾಗೇ ಬಿದ್ದಿತ್ತು. ಎರಡು ಮೂರು ವಾರ ಬಿಟ್ಟು ಒಮ್ಮೆ ವಿನಯದಿಂದ ನೆನಪಿಸಿದರೆ ತಪ್ಪಲ್ಲ, ದಿನಾ ಬಾಗಿಲು ತಟ್ಟಿದರೆ ತಪ್ಪು. ಆಚೆ ಇರುವವರು ಬಹಳ ಸಲ ಒಬ್ಬರೇ, ಸಂಬಳ ಇಲ್ಲದೆ ಮಾಡುವವರು. ಅವರ ಸಮಯವನ್ನು ತಿಂದು ತನ್ನ ಹೆಸರು ಬೆಳೆಸಲು ಹೋಗುವುದು ನನಗೆ ನಿಜಕ್ಕೂ ನೋವು ಕೊಡುವ ವಿಷಯ. ಓಪನ್ ಸೋರ್ಸಿಗೆ ಕೊಡುಗೆ ಕೊಡಿ ಎಂದು ನಡೆಸುವ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದಲ್ಲಿ 2020ರಲ್ಲಿ ಒಂದು ಟೀ ಶರ್ಟಿನ ಆಸೆಗೆ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್‌ಗಳು, ಅಂದರೆ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು, ಸುರಿದವು. 2024ರ ಆರಂಭದಲ್ಲಿ ಒಂದು ವಿಡಿಯೋ ಪಾಠ ನೋಡಿಕೊಂಡು, ಎಕ್ಸ್‌ಪ್ರೆಸ್ ಎಂಬ ವೆಬ್ ತಂತ್ರಾಂಶದ ಪರಿಚಯ ಬರೆದಿಡುವ ರೀಡ್‌ಮೀ ಕಡತಕ್ಕೆ ತಂತಮ್ಮ ಹೆಸರು ಸೇರಿಸಲು ಜನ ಸಾಲುಗಟ್ಟಿದರು. ಅವರಲ್ಲಿ ಬಹಳಷ್ಟು ಮಂದಿ ನಮ್ಮ ದೇಶದ ವಿದ್ಯಾರ್ಥಿಗಳು. ಅದೇ ವರ್ಷ, ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ಕರ್ಲ್ ಪ್ರಾಜೆಕ್ಟಿನ ಡೇನಿಯಲ್ ಸ್ಟೆನ್‌ಬರ್ಗ್, ಎಐ ಬರೆದ ಹುಸಿ ಭದ್ರತಾ ವರದಿಗಳನ್ನು ಓದಿ ತಳ್ಳಿಹಾಕುವುದರಲ್ಲೇ ಸಮಯ ಹೋಗುತ್ತಿದೆ ಎಂದು ಬಹಿರಂಗವಾಗಿ ಬರೆದರು. ಕೋಡ್ ಹಂಚುವ ತಾಣವಾದ ಗಿಟ್‌ಹಬ್ಬಿನಲ್ಲಿ ದಿನದಿನದ ಕೆಲಸ ತೋರಿಸುವ ಹಸಿರು ಚೌಕಗಳನ್ನು ತುಂಬಿಸಲು ದಿನಕ್ಕೊಂದು ಕಮಿಟ್ ಹಾಕುವ ಹುಚ್ಚಿಗೆ ಬೀಳಬೇಡಿ. ವರ್ಷಕ್ಕೆ ಎರಡು ಒಳ್ಳೆಯ ಇಶ್ಯೂ, ಒಂದು ಟೆಸ್ಟ್ ಸಾಕು.

ಕೋಡ್ ಬರೆಯದೆಯೂ ಮಾಡಬಹುದಾದದ್ದು ಬೇಕಾದಷ್ಟು ಉಂಟು. ವರ್ಡ್‌ಪ್ರೆಸ್ಸಿನ ಕನ್ನಡ ಅನುವಾದ ನಿಮ್ಮ ದಿನದ ಕೆಲಸಕ್ಕೇ ಹತ್ತಿರ. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದೊಂದು ಊರಿಗೂ ಭಾಷೆವಾರು ಹೆಸರು ಸೇರಿಸುವ ಜಾಗ ಇದೆ. ನಿಮ್ಮ ಸುತ್ತಿನ ಊರುಗಳಲ್ಲಿ ಯಾವುದಕ್ಕೆ ಕನ್ನಡದ ಹೆಸರು ಇಲ್ಲವೋ ನೋಡಿ ತುಂಬಿಸಿ. ಮಂಜೇಶ್ವರವನ್ನು ಮಂಜೇಶ್ವರಂ ಮಾಡಿದರು ಎಂದು ನಾವು ಕೊರಗುತ್ತೇವೆ. ಆ ನಕ್ಷೆಯಲ್ಲಿ ಎರಡು ಹೆಸರೂ ಪಕ್ಕಪಕ್ಕ ಇರಬಹುದು, ಹಾಕಲಿಕ್ಕೆ ಒಬ್ಬರು ಬೇಕು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಅಲರ್ ಕನ್ನಡ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು. ಅದನ್ನು ನಡೆಸುವ ಡಿಕ್ಟ್‌ಪ್ರೆಸ್ ಎಂಬ ತಂತ್ರಾಂಶವೇ ಮಲಯಾಳದ ಓಳಂ ನಿಘಂಟನ್ನೂ ನಡೆಸುತ್ತದೆ. ಎರಡು ನಿಘಂಟನ್ನೂ ಓದಬಲ್ಲ ಡೆವಲಪರುಗಳು ಎಲ್ಲಿ ಸಿಗುತ್ತಾರೆ ಎಂದರೆ ನಮ್ಮ ಜಿಲ್ಲೆಯನ್ನೇ ತೋರಿಸಬೇಕು.

ಇನ್ನೊಂದು, ನೀವು ಲೆಕ್ಕಕ್ಕೇ ತೆಗೆದುಕೊಂಡಿರಲಿಕ್ಕಿಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾದದ್ದು, ಈಗ ಅದು ಕೈಟ್ ಎಂಬ ಸರಕಾರಿ ಸಂಸ್ಥೆ. ಅಲ್ಲಿನ ಲ್ಯಾಬುಗಳಲ್ಲಿ ಓಡುವುದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ, ಪಾಠಪುಸ್ತಕ ಕನ್ನಡದಲ್ಲೂ ಬರುತ್ತದೆ. ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಕಲಿತ ನೀವು ಹೈಸ್ಕೂಲಿನಲ್ಲೇ ಮುಕ್ತ ತಂತ್ರಾಂಶದಲ್ಲಿ ಕೈ ಆಡಿಸಿದವರು. ಎಂಜಿನಿಯರಿಂಗ್ ಮುಗಿಸಿಯೂ ಟರ್ಮಿನಲ್ ಕಂಡರೆ ಗಾಬರಿಯಾಗುವ ಹುಡುಗರನ್ನು ನಾನು ಬೆಂಗಳೂರಿನಲ್ಲಿ ನೋಡಿದ್ದೇನೆ.

ಭಾಷಣದ ಹೆದರಿಕೆ ನನಗೂ ಇತ್ತು, ಅದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ. ನಾನು ಮೊದಲು ಮಾತಾಡಿದ್ದು ನನ್ನ ಹಳೆಯ ಶಾಲೆಯ ಲ್ಯಾಬಿನಲ್ಲಿ, ಮೂವತ್ತು ಮಕ್ಕಳ ಎದುರು, ಕನ್ನಡದಲ್ಲಿ. ಅರ್ಧದಲ್ಲಿ ಕರೆಂಟು ಹೋಯಿತು, ಮಳೆಗಾಲ. ತೋರಿಸಬೇಕೆಂದಿದ್ದದ್ದೆಲ್ಲ ಪ್ರೊಜೆಕ್ಟರಿನ ಜೊತೆ ಹೋಯಿತು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರಗಳನ್ನು ಒಡೆದು ಒಡೆದು ಬರೆದು ಮುಗಿಸಿದೆ. ಆ ದಿನ ಮಕ್ಕಳಿಗೆ ಅರ್ಥವಾದಷ್ಟು, ಆಮೇಲೆ ದೊಡ್ಡ ಸಭಾಂಗಣದಲ್ಲಿ ಸ್ಲೈಡ್ ಹಾಕಿ ಹೇಳಿದಾಗಲೂ ಯಾರಿಗೂ ಅರ್ಥವಾಗಲಿಲ್ಲ. ಅಂದಿನಿಂದ ನಾನು ಯಾವ ಭಾಷಣವನ್ನಾದರೂ ಮೊದಲು ಹಲಗೆಯ ಮೇಲೆ ಹೇಳಿ ನೋಡುತ್ತೇನೆ. ಹಲಗೆಯ ಮೇಲೆ ನಿಲ್ಲದ್ದು ಸ್ಲೈಡಿನಲ್ಲೂ ನಿಲ್ಲುವುದಿಲ್ಲ.

ನಿಮ್ಮ ಭಾಷಣ ಸಿದ್ಧವೇ ಇದೆ. ಇಪ್ಪತ್ತು ನಿಮಿಷ. ಸೊಸೈಟಿಯ ಕ್ಲರ್ಕು ಫೋನ್ ಮಾಡಿ ಗೋಪಾಲರು ಇಲ್ಲ ಎಂದಲ್ಲಿಂದ ಶುರು ಮಾಡಿ, ಓತ್ವ ಒಡೆದು ತೋರಿಸಿ, ಒಂದು ಸಾಲಿನಲ್ಲಿ ಸರಿ ಮಾಡಿ, ಕಿಞ್ಞಣ್ಣನಲ್ಲಿ ಅದು ಸಾಲದಾಗುವುದನ್ನು ತೋರಿಸಿ ನಿಲ್ಲಿಸಿ. ಯುನಿಕೋಡಿನ ಇತಿಹಾಸ ಹೇಳಲು ಹೋಗಬೇಡಿ, ಅದು ಪುಸ್ತಕದಲ್ಲಿ ಸಿಗುತ್ತದೆ. ಮೊದಲು ಊರಿನ ಕಾಲೇಜಿನಲ್ಲಿ ಕನ್ನಡದಲ್ಲಿ ಹೇಳಿ. "ಬ್ರೌಸರ್", "ಡೇಟಾಬೇಸ್" ಎಂದೇ ಹೇಳಿ, ಅದಕ್ಕೆ ಶಬ್ದ ಹುಡುಕುತ್ತ ತಡವರಿಸುವುದು ಬೇಡ. ಎರಡನೆಯ ಸಲ ಮಂಗಳೂರಿನಲ್ಲಿ ಅದೇ ಭಾಷಣ. ಒಂದನ್ನೇ ಮತ್ತೆ ಮತ್ತೆ ಹೇಳಲು ನಾಚಿಕೆ ಬೇಡ, ಯಕ್ಷಗಾನದ ಮೇಳ ಅದೇ ಪ್ರಸಂಗವನ್ನು ಊರೂರಿಗೆ ಆಡಿ ಹದ ಮಾಡುವುದನ್ನು ನೋಡಿ ಬೆಳೆದವರಲ್ಲವೇ ನಾವು. ಮೂರನೆಯ ಸಲ ಬೆಂಗಳೂರಿನ ಇಂಡಿಯಾಫಾಸ್‌ನಂಥ ಓಪನ್ ಸೋರ್ಸ್ ಸಮ್ಮೇಳನಕ್ಕೆ ಪ್ರಸ್ತಾವ ಕಳಿಸಿ. ಪ್ರಸ್ತಾವದಲ್ಲಿ ನಿಮ್ಮ ಬಗ್ಗೆ ಎರಡು ಸಾಲು ಸಾಕು. ಕೇಳಲು ಬಂದವರು ತಮ್ಮ ಕೋಡಿನಲ್ಲಿ ಮರುದಿನ ಏನು ಬದಲಿಸಬಹುದು ಎಂಬುದನ್ನು ಬಿಡಿಸಿ ಬರೆಯಿರಿ. ಆರಿಸುವವರು ಹುಡುಕುವುದು ಅದನ್ನು.

ಇಂಗ್ಲಿಷಿನ ವಿಷಯ. ಮೊದಲ ಎರಡು ನಿಮಿಷದ್ದನ್ನು ಬರೆದು ಬಾಯಿಪಾಠ ಮಾಡಿ, ಬಾಯಿ ಒಣಗುವುದು ಆಗಲೇ. ಉಳಿದದ್ದಕ್ಕೆ ಸಣ್ಣ ಸಣ್ಣ ವಾಕ್ಯ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನೋಡಿ ತಿಳಿಸುತ್ತೇನೆ ಎಂದು ಹೇಳಿ, ಮತ್ತೆ ನಿಜವಾಗಿ ತಿಳಿಸಿ. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಕಚೇರಿಯಲ್ಲಿ ಮತ್ತೊಂದು ಭಾಷೆ ಆಡಿ ಬೆಳೆದವರು ನೀವು. ಇದೂ ಅಂಥ ಇನ್ನೊಂದು.

ಬೆಂಗಳೂರಿಗೆ ಹೋಗಲೇಬೇಕೇ? ಹೋಗದೆ ಆಗುವುದಿಲ್ಲ ಎಂಬುದು ಈಗ ನಿಜವಲ್ಲ. ಹೋದರೆ ಲಾಭ ಇಲ್ಲ ಎಂಬುದೂ ನಿಜವಲ್ಲ. ನಾನು ಆರು ವರ್ಷ ಅಲ್ಲಿದ್ದೆ. ನನಗಿಂತ ಚೆನ್ನಾಗಿ ಕೋಡ್ ಬರೆಯುವವರ ಪಕ್ಕದ ಕುರ್ಚಿಯಲ್ಲಿ ಕೂತದ್ದರಿಂದ ಕಲಿತದ್ದು, ಕುಂಬಳೆಯಲ್ಲಿ ಒಬ್ಬನೇ ಕೂತಿದ್ದರೆ ಕಲಿಯಲಿಕ್ಕಾಗುತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ನಾನು ಊರಲ್ಲಿದ್ದೆ. ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗೂ ಹೋಗಲಾಗದೆ ನಮ್ಮವರು ಒದ್ದಾಡಿದ್ದನ್ನು ಕಣ್ಣಾರೆ ಕಂಡೆ. ನನ್ನ ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ, ನಾನು ತಿರುಗಿ ಹೋಗಲೂ ಇಲ್ಲ. ಆದರೆ ದೂರದಿಂದ ಕೆಲಸ ಕೊಡುವವರು ಮೊದಲೇ ಪರಿಚಯವಿದ್ದವರಿಗೆ ಸುಲಭದಲ್ಲಿ ಕೊಡುತ್ತಾರೆ, ಹೊಸಬರಿಗೆ ಕೊಡಲು ಹಿಂಜರಿಯುತ್ತಾರೆ. ನಿಮಗೆ ಈಗ ಬೇಕಾದದ್ದು ಊರಿನ ಹೆಸರಲ್ಲ, ನಿಮ್ಮ ಕೋಡನ್ನು ದಿನಾ ಓದಿ ತಿದ್ದುವ ಒಬ್ಬ ಹಿರಿಯರು. ಅಂಥವರು ಮಂಗಳೂರಿನಲ್ಲಿ ಸಿಕ್ಕಿದರೆ ಅಲ್ಲಿಯೇ ಇರಿ. ಬೆಂಗಳೂರಿನಲ್ಲಿ ಸಿಕ್ಕಿದರೆ ಎರಡು ಮೂರು ವರ್ಷಕ್ಕೆ ಹೋಗಿ ಬನ್ನಿ, ರಾತ್ರಿ ಹತ್ತಿದರೆ ಬೆಳಿಗ್ಗೆ ಊರಿಗೆ ಮುಟ್ಟಿಸುವ ಕಣ್ಣೂರು ರೈಲು ಇದೆ. ಈಗಿನ ಕಂಪೆನಿಯಲ್ಲಿ ಅಂಥವರು ಯಾರೂ ಇಲ್ಲದಿದ್ದರೆ, ಕಂಪೆನಿ ಬದಲಿಸುವುದನ್ನು ಮುಂದೂಡಬೇಡಿ.

ಪಿಎಸ್‌ಸಿ ಎಂದು ಮನೆಯವರು ಹೇಳುವುದರಲ್ಲಿ ತಪ್ಪಿಲ್ಲ. ಕನ್ನಡ ಬಲ್ಲವರಿಗಾಗಿಯೇ ಇರುವ ಹುದ್ದೆಗಳು ನಮ್ಮ ಜಿಲ್ಲೆಯಲ್ಲಿ ಉಂಟು, ಅವು ತುಂಬದೆ ಹೋದರೆ ನಷ್ಟ ನಮಗೇ. ನಿಮಗೆ ಆ ಕೆಲಸದಲ್ಲಿ ಮನಸ್ಸಿದ್ದರೆ ಸರಿಯಾಗಿ ಓದಿ ಬರೆಯಿರಿ. ಮನಸ್ಸಿಲ್ಲದಿದ್ದರೆ ಅಪ್ಪ ಅಮ್ಮನ ಹತ್ತಿರ ಒಂದು ವರ್ಷದ ಗಡುವು ಕೇಳಿ, ಆ ವರ್ಷದಲ್ಲಿ ಏನು ಮಾಡುತ್ತೀರಿ ಎಂದು ಅವರಿಗೆ ಅರ್ಥವಾಗುವ ಹಾಗೆ ಹೇಳಿ. ಸೊಸೈಟಿಯ ಪುಟವನ್ನು ಅವರಿಗೇ ಮೊದಲು ತೋರಿಸಿ. ತಮ್ಮ ಹೆಸರು ಹುಡುಕಿ ನೋಡಲಿ.

ಈ ವಾರವೇ ಆಗಬೇಕಾದ್ದು ಇಷ್ಟು. ನೀವು ಮತ್ತೆ ಟೈಪ್ ಮಾಡುವ ಮೊದಲಿನ ಹಳೆಯ ಪಟ್ಟಿ ಎಲ್ಲಿಯಾದರೂ ಉಳಿದಿದ್ದರೆ ಹುಡುಕಿ ತೆಗೆಯಿರಿ, ಬ್ಯಾಕಪ್ಪಿನಲ್ಲೋ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಕಡತದಲ್ಲೋ ಇರಬಹುದು. ಅದರಿಂದ ಹತ್ತು ಹೆಸರನ್ನು, ಒಡೆದ ರೂಪವನ್ನು ಹಾಗೆಯೇ ಉಳಿಸಿಕೊಂಡು, ಮನೆಹೆಸರು ತೆಗೆದು ಬೇರೆ ಇಡಿ. ನಿಮ್ಮ ಮೊದಲ ಟೆಸ್ಟಿಗೆ ಬೇಕಾದ ಸಾಮಗ್ರಿ ಅದು.